ಯಂತ್ರ ಏಳುವ ಮುನ್ನ ಮಾಡುವ ಏರ್ಪಾಟು

ಇಂದು ನಾನು ಆಡಬೇಕೆಂದಿರುವ ನಾಲ್ಕು ಮಾತು ಕಛೇರಿಯ ಸರ್ವರ್ ಕುರಿತದ್ದು. ಕಛೇರಿಯ ಎಲ್ಲ ಕಂಪ್ಯೂಟರುಗಳಿಗೂ ಲೆಕ್ಕಪತ್ರ ಒದಗಿಸುವ ದೊಡ್ಡ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಅದರೊಳಗೆ ಲೆಕ್ಕ ಮಾಡುವ ಭಾಗ ಪ್ರೊಸೆಸರ್. ಈ ಪ್ರೊಸೆಸರ್ ಹೇಗೆ ನಡೆದುಕೊಳ್ಳಬೇಕೆಂಬುದನ್ನು, ಯಂತ್ರ ಪೂರ್ತಿ ಏಳುವ ಮುನ್ನವೇ ಗೊತ್ತುಮಾಡುವ ಒಂದು ಪಟ್ಟಿ ಇದೆ. ಅದಕ್ಕೆ ಸೆಟಪ್ ಮೆನು ಎಂದು ಹೆಸರು. ಅದರಲ್ಲಿ ಏನಿದೆ, ಯಾವುದನ್ನು ಮುಟ್ಟಬಹುದು, ಮುಟ್ಟುವ ಮೊದಲು ಏನು ಮಾಡಬೇಕು ಎಂಬುದೇ ಇಂದಿನ ವಿಷಯ.

ಇದು ಎಂಜಿನಿಯರುಗಳ ಕೆಲಸ, ನಮಗೇಕೆ ಎಂದು ನೀವು ಕೇಳಬಹುದು. ವಾಲ್ಪಾರೈಯಲ್ಲಿ ಇರುವವರು ಹಾಗೆ ಕೇಳಲಾರರು. ಆಳಿಯಾರಿನಿಂದ ಇಲ್ಲಿಗೆ ಹತ್ತಿ ಬರುವ ದಾರಿಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಪೊಳ್ಳಾಚಿಯಿಂದ 60 ಕಿಲೋಮೀಟರಿಗೂ ಮಿಕ್ಕ ದಾರಿ. ಮುಂಗಾರಿನಲ್ಲಿ ಒಂದು ಮರ ಅಡ್ಡ ಬಿದ್ದರೆ ಕೊಯಮತ್ತೂರಿನಿಂದ ಹೊರಟ ಎಂಜಿನಿಯರ್ ಅಂದು ಬರುವುದಿಲ್ಲ. ಟೀ ತೋಟದ ಕಛೇರಿಯಲ್ಲಿ ಎಲೆ ಕೊಯ್ದವರ ತೂಕ, ಹಾಜರಿ, ಮುಂಗಡ ಎಲ್ಲವೂ ಸರ್ವರಿನಲ್ಲಿದ್ದು, ಸಂಬಳದ ಹಿಂದಿನ ದಿನ ಅದು ಏಳದೆ ಕೂತರೆ, ಕಾಯುವವರು ಕೂಲಿಯವರು. ಆದ್ದರಿಂದ ಆ ಪಟ್ಟಿಯಲ್ಲಿ ಏನಿತ್ತು ಎಂದು ಬಲ್ಲವರೊಬ್ಬರು ಕಛೇರಿಯಲ್ಲೇ ಇರಬೇಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು. ಬ್ಯಾಂಕುಗಳಲ್ಲಿ ಯಂತ್ರಗಳನ್ನು ತರುವ ಬಗ್ಗೆ ನೌಕರರ ಸಂಘಗಳೊಡನೆ ಒಪ್ಪಂದವಾದದ್ದು 1983ರಲ್ಲಿ. ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ಆ ಮೇಲೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಶಾಖೆಗೊಂದು ಸರ್ವರ್ ಬಂತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಶಾಖೆಯ ಲೆಕ್ಕವೆಲ್ಲ ದೂರದ ಡೇಟಾ ಸೆಂಟರಿಗೆ ಹೋಯಿತು. ಆದರೆ ತೋಟದ ಕಛೇರಿ, ಆಸ್ಪತ್ರೆ, ಶಾಲೆ, ಸಹಕಾರ ಸಂಘಗಳಲ್ಲಿ ಸ್ವಂತ ಸರ್ವರ್ ಇನ್ನೂ ಉಂಟು. ಅಂಥವರಿಗಾಗಿ ಈ ಮಾತು.

ಮೊದಲು ಆ ಪಟ್ಟಿ ಎಲ್ಲಿಂದ ಬಂತು ಎಂದು ನೋಡೋಣ. ವಿದ್ಯುತ್ ಕೊಟ್ಟೊಡನೆ ಕಂಪ್ಯೂಟರಿಗೆ ತನ್ನ ಡಿಸ್ಕ್ ಎಲ್ಲಿದೆ ಎಂಬುದೂ ತಿಳಿಯದು. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟ ಸಣ್ಣ ಪ್ರೋಗ್ರಾಂ ಅದನ್ನು ಎಬ್ಬಿಸುತ್ತದೆ. ಆ ಪ್ರೋಗ್ರಾಮಿಗೆ ಫರ್ಮ್‌ವೇರ್ ಎನ್ನುತ್ತಾರೆ. ಬಯಾಸ್ ಎಂಬುದು ಅದರ ಹಳೆಯ ಹೆಸರು. 1981ರ ಐಬಿಎಂ ಪಿಸಿಯಲ್ಲಿ ಪೆಟ್ಟಿಗೆ ಬಿಚ್ಚಿ, ಪುಟ್ಟ ಸ್ವಿಚ್ಚುಗಳನ್ನು ಕೈಯಿಂದ ಸರಿಸಿ ಏರ್ಪಾಟು ಮಾಡಬೇಕಿತ್ತು. 1984ರ ಪಿಸಿ ಏಟಿಯಲ್ಲಿ ಏರ್ಪಾಟುಗಳು ಬ್ಯಾಟರಿಯ ಆಸರೆಯಿಂದ ಉಳಿಯುವ ಒಂದು ಚಿಪ್ಪಿಗೆ ಬಂದವು. 2005ರಲ್ಲಿ ಹಲವು ಕಂಪನಿಗಳು ಸೇರಿ ಯುಇಎಫ್‌ಐ ಎಂಬ ಹೊಸ ಕಟ್ಟಳೆಗೆ ಒಂದು ವೇದಿಕೆ ಮಾಡಿಕೊಂಡವು. ಇಂದಿನ ಸರ್ವರುಗಳು ಅದರಂತೆ ನಡೆಯುತ್ತವೆ.

ಯಂತ್ರ ಏಳುತ್ತಿರುವಾಗ ಒಂದು ಕೀಲಿ ಒತ್ತಿದರೆ ಪಟ್ಟಿ ತೆರೆಯುತ್ತದೆ. ಡೆಲ್ ಸರ್ವರುಗಳಲ್ಲಿ ಎಫ್2, ಎಚ್‌ಪಿಯವುಗಳಲ್ಲಿ ಎಫ್9. ಅಲ್ಲಿ ಪ್ರೊಸೆಸರ್ ಸೆಟ್ಟಿಂಗ್ಸ್ ಎಂಬಂಥ ಹೆಸರಿನ ಪುಟಕ್ಕೆ ಹೋಗಬೇಕು. ಪ್ರತಿ ಸಾಲಿನ ಎದುರಿಗೂ ಎನೇಬಲ್ಡ್ ಅಥವಾ ಡಿಸೇಬಲ್ಡ್, ಅಂದರೆ ಉಂಟು ಅಥವಾ ಇಲ್ಲ, ಎಂದಿರುತ್ತದೆ. ಮುಖ್ಯವಾದ ಸಾಲುಗಳನ್ನು ಮಾತ್ರ ಹೇಳುತ್ತೇನೆ.

ಒಂದನೆಯದು, ಲಾಜಿಕಲ್ ಪ್ರೊಸೆಸರ್ ಅಥವಾ ಹೈಪರ್ ತ್ರೆಡಿಂಗ್. ಒಂದು ಪ್ರೊಸೆಸರಿನೊಳಗೆ ಹಲವು ಕೋರುಗಳಿರುತ್ತವೆ. ಒಂದೊಂದು ಕೋರನ್ನೂ ಒಬ್ಬೊಬ್ಬ ಗುಮಾಸ್ತ ಎಂದುಕೊಳ್ಳಿ. ತೋಟದಲ್ಲಿ ಎಲೆ ತೂಗುವ ಹೊತ್ತಿಗೆ ಒಂದೇ ತಕ್ಕಡಿಯ ಮುಂದೆ ಎರಡು ಸಾಲು ನಿಂತಿದೆ ಎನ್ನೋಣ. ಈ ಸಾಲಿನಾಕೆ ಮೂಟೆ ಇಳಿಸುವಷ್ಟರಲ್ಲಿ ಆ ಸಾಲಿನಾಕೆಯ ತೂಕ ಬರೆದು ಮುಗಿಸಬಹುದು. ತಕ್ಕಡಿ ಒಂದೇ, ಆದರೆ ಸುಮ್ಮನೆ ನಿಲ್ಲುವ ಹೊತ್ತು ಕಡಿಮೆಯಾಯಿತು. ಹೈಪರ್ ತ್ರೆಡಿಂಗ್ ಮಾಡುವುದು ಇದನ್ನೇ. ಇಂಟೆಲ್ ಇದನ್ನು 2002ರಲ್ಲಿ ಸರ್ವರುಗಳ ಜಿಯಾನ್ ಪ್ರೊಸೆಸರಿನಲ್ಲಿ ತಂದಿತು. ಆಗ ಅವರು ಹೇಳಿಕೊಂಡ ಲಾಭ ಶೇಕಡ 30ರವರೆಗೆ. ಆದ್ದರಿಂದ ತೆರೆಯ ಮೇಲೆ 8 ಕೋರಿಗೆ 16 ಎಂದು ತೋರಿಸಿದರೆ ಕೆಲಸ ಇಮ್ಮಡಿಯಾಯಿತೆಂದು ತಿಳಿಯಬಾರದು.

ಇದಕ್ಕೆ ಇನ್ನೊಂದು ಮುಖವುಂಟು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಹೊರಬಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಇಂಟೆಲ್ ಪ್ರೊಸೆಸರುಗಳ ಮತ್ತೊಂದು ದೋಷ ಗೊತ್ತಾಯಿತು. ಒಂದೇ ಕೋರನ್ನು ಹಂಚಿಕೊಂಡ ಇಬ್ಬರಲ್ಲಿ ಒಬ್ಬನ ಗುಟ್ಟನ್ನು ಇನ್ನೊಬ್ಬ ಕದಿಯಲು ಅದರಲ್ಲಿ ಎಡೆಯಿತ್ತು. ಓಪನ್ ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮಾಡುವವರು ಆ ವರ್ಷ ಜೂನಿನಲ್ಲೇ ಹೈಪರ್ ತ್ರೆಡಿಂಗನ್ನು ತಾವಾಗಿ ನಿಲ್ಲಿಸಿದ್ದರು. ನಮ್ಮ ಕಛೇರಿಯ ಪ್ರೋಗ್ರಾಂ ಮಾತ್ರ ನಡೆಯುವ ಯಂತ್ರವಾದರೆ, ತಿದ್ದುಪಡಿಗಳನ್ನು ಹಾಕಿಸಿಕೊಂಡು ಇದನ್ನು ಉಂಟು ಎಂದೇ ಇಡಬಹುದು. ಹೊರಗಿನವರಿಗೂ ಯಂತ್ರದಲ್ಲಿ ಎಡೆ ಕೊಟ್ಟಿದ್ದರೆ, ವೇಗ ಬೇಕೋ ಗುಟ್ಟು ಬೇಕೋ ಎಂದು ಕುಳಿತು ಆಲೋಚಿಸಬೇಕು.

ಎರಡನೆಯದು, ವರ್ಚುವಲೈಸೇಶನ್ ಟೆಕ್ನಾಲಜಿ. ಒಂದೇ ಯಂತ್ರದೊಳಗೆ ಎರಡು ಮೂರು ಯಂತ್ರಗಳಿರುವಂತೆ ನಡೆಸುವ ಏರ್ಪಾಟು ಇದು. ಸಂಬಳದ ಲೆಕ್ಕ ಒಂದರಲ್ಲಿ, ಉಗ್ರಾಣದ ಲೆಕ್ಕ ಇನ್ನೊಂದರಲ್ಲಿ. ಇಂಟೆಲ್ ಪ್ರೊಸೆಸರುಗಳಲ್ಲಿ 2005ರಿಂದ, ಎಎಂಡಿಯಲ್ಲಿ 2006ರಿಂದ ಇದು ಬಂದಿದೆ. ಹಳೆಯ ಎಷ್ಟೋ ಯಂತ್ರಗಳಲ್ಲಿ ಕಾರ್ಖಾನೆಯಿಂದ ಬರುವಾಗ ಇದು ಇಲ್ಲ ಎಂದೇ ಇರುತ್ತಿತ್ತು. ಪಟ್ಟಿಯಲ್ಲಿ ಲೋಡ್ ಡಿಫಾಲ್ಟ್ಸ್ ಎಂಬ ಸಾಲೊಂದಿದೆ. ಎಲ್ಲವನ್ನೂ ಕಾರ್ಖಾನೆಯ ಸ್ಥಿತಿಗೆ ಮರಳಿಸುತ್ತದೆ. ಅಂಥ ಯಂತ್ರದಲ್ಲಿ ಅದನ್ನು ಒತ್ತಿದರೆ, ಒಳಗಿನ ಯಂತ್ರಗಳು ಏಳುವುದಿಲ್ಲ. ಡಿಸ್ಕ್ ಚೆನ್ನಾಗಿದೆ, ಲೆಕ್ಕವೂ ಇದೆ, ಆದರೆ ಯಾವುದೂ ತೆರೆಯದು. ನೋಡುವವರು ಎಲ್ಲ ಹೋಯಿತೆಂದು ಕೈ ಚೆಲ್ಲುತ್ತಾರೆ. ಸರಿಮಾಡಲು ಬೇಕಾದದ್ದು ಒಂದು ಸಾಲಿನ ತಿದ್ದುಪಡಿ ಮಾತ್ರ. ಆ ಸಾಲು ಯಾವುದೆಂದು ಬಲ್ಲವರು ಬೇಕಷ್ಟೆ.

ಮೂರನೆಯದು, ವಿದ್ಯುತ್ತಿಗೆ ಸೇರಿದ ಸಾಲುಗಳು. ಕೆಲಸವಿಲ್ಲದಾಗ ಕೋರುಗಳು ನಿದ್ರೆ ಹೋಗುತ್ತವೆ. ಆ ನಿದ್ರೆಯ ಹಂತಗಳಿಗೆ ಸಿ ಸ್ಟೇಟ್ಸ್ ಎಂದು ಹೆಸರು. ನಿದ್ರೆ ಆಳವಾದಷ್ಟೂ ವಿದ್ಯುತ್ ಉಳಿತಾಯ, ಏಳಲು ತಡ. ತಡ ಎಂದರೂ ಸೆಕೆಂಡಿನ ಬಹಳ ಸಣ್ಣ ಪಾಲು. ಇದಕ್ಕೆ ಎದುರಾದದ್ದು ಟರ್ಬೋ. ಕೆಲವೇ ಕೋರುಗಳು ದುಡಿಯುತ್ತಿದ್ದು, ಶಾಖವೂ ಮಿತಿಯಲ್ಲಿದ್ದರೆ, ಅವುಗಳ ವೇಗವನ್ನು ಅದು ಇನ್ನಷ್ಟು ಏರಿಸುತ್ತದೆ. ಸೆಟಪ್ಪಿನಲ್ಲಿ ಇವನ್ನೆಲ್ಲ ಕಟ್ಟು ಕಟ್ಟಿ, ಪರ್ಫಾರ್ಮೆನ್ಸ್ ಎಂದೋ ಪವರ್ ಸೇವಿಂಗ್ ಎಂದೋ ಹೆಸರಿಟ್ಟಿರುತ್ತಾರೆ. ಪರ್ಫಾರ್ಮೆನ್ಸ್ ಎಂಬ ಮಾತು ಕೇಳಲು ಚೆಂದ. ಆದರೆ ಅದನ್ನು ಆರಿಸಿದರೆ ಹಲವು ಯಂತ್ರಗಳಲ್ಲಿ ಕೋರುಗಳು ರಾತ್ರಿಯೂ ನಿದ್ರಿಸವು. ಮಳೆಗಾಲದಲ್ಲಿ ಕರೆಂಟು ಹೋಗಿ ಯುಪಿಎಸ್ ಮೇಲೆ ನಡೆಯುವಾಗ, ಬ್ಯಾಟರಿ ಬೇಗ ಇಳಿಯುತ್ತದೆ. ಹಗಲು ಹತ್ತು ಜನ ಕೆಲಸ ಮಾಡಿ ರಾತ್ರಿ ಬೀಗ ಹಾಕುವ ಕಛೇರಿಗೆ ನಡುವಿನ ಏರ್ಪಾಟೇ ಸಾಕು.

ಇನ್ನುಳಿದ ಪ್ರಿಫೆಚರ್ ಮೊದಲಾದ ಸಾಲುಗಳನ್ನು ಇದ್ದ ಹಾಗೇ ಬಿಡುವುದು ಒಳ್ಳೆಯದು. ಕೋರುಗಳ ಸಂಖ್ಯೆಯನ್ನು ಕಡಿಮೆ ಮಾಡುವ ಸಾಲೂ ಒಂದುಂಟು. ಕೋರಿನ ಲೆಕ್ಕದಲ್ಲಿ ಲೈಸೆನ್ಸ್ ಹಣ ಕೇಳುವ ಸಾಫ್ಟ್‌ವೇರುಗಳಿರುವುದರಿಂದ ಕೆಲವರಿಗೆ ಅದರ ಮೇಲೆ ಕಣ್ಣು. ಇಲ್ಲಿ ಕಡಿಮೆ ಮಾಡಿದ ಮಾತ್ರಕ್ಕೆ ಅಲ್ಲಿ ಹಣ ಇಳಿಯುತ್ತದೆಂದು ನಂಬದೆ, ಒಪ್ಪಂದದ ಕಾಗದ ಓದಿ ನೋಡಬೇಕು.

ಫರ್ಮ್‌ವೇರಿಗೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಅದೇಕೆ ಎನ್ನುವವರು 1994ರ ಒಂದು ಸಂಗತಿ ಕೇಳಬೇಕು. ಆ ವರ್ಷ ಥಾಮಸ್ ನೈಸ್ಲಿ ಎಂಬ ಅಮೆರಿಕದ ಗಣಿತದ ಪ್ರಾಧ್ಯಾಪಕರು ಪೆಂಟಿಯಂ ಪ್ರೊಸೆಸರ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆಂದು ಕಂಡುಹಿಡಿದರು. 4195835ನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ 1.3337 ಬರುತ್ತಿತ್ತು. ಬಡ್ಡಿ ಲೆಕ್ಕ ಹಾಕಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ತಪ್ಪನ್ನು ಹೊರಗಿನಿಂದ ತಿದ್ದುವ ದಾರಿಯಿರಲಿಲ್ಲ. ಇಂಟೆಲ್ ಪ್ರೊಸೆಸರುಗಳನ್ನೇ ಬದಲಿಸಿಕೊಡಬೇಕಾಯಿತು. ಅದಕ್ಕಾಗಿ ಅದು ತೆಗೆದಿರಿಸಿದ ಹಣ 47 ಕೋಟಿ 50 ಲಕ್ಷ ಡಾಲರ್. 1995ರ ಪೆಂಟಿಯಂ ಪ್ರೊನಿಂದೀಚೆಗೆ, ಮೈಕ್ರೋಕೋಡ್ ಎಂಬ ತಿದ್ದೋಲೆಯನ್ನು ಯಂತ್ರ ಏಳುವಾಗಲೆಲ್ಲ ಪ್ರೊಸೆಸರಿಗೆ ತುಂಬಬಹುದು. ಫರ್ಮ್‌ವೇರ್ ಹೊಸದಾದರೆ ಈ ತಿದ್ದೋಲೆಯೂ ಹೊಸದಾಗುತ್ತದೆ. ಒಂದೇ ಎಚ್ಚರ: ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟು ಹೋಗಬಾರದು. ಹೋದರೆ ಯಂತ್ರ ಮತ್ತೆ ಏಳದೆಯೂ ಇರಬಹುದು. ಗುಡುಗು ಮಳೆಯ ದಿನ ಈ ಕೆಲಸ ಬೇಡ.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಮೂರು ವೋಲ್ಟಿನ ಬಟನ್ ಸೆಲ್ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಅದು ಸೋತರೆ ದಿನಾಂಕದ ಜೊತೆಗೆ ಏರ್ಪಾಟುಗಳೂ ಮರೆತುಹೋಗುತ್ತವೆ. ಹೊಸ ಯಂತ್ರಗಳು ಏರ್ಪಾಟುಗಳನ್ನು ಹೆಚ್ಚಾಗಿ ಬ್ಯಾಟರಿ ಬೇಡದ ಚಿಪ್ಪಿನಲ್ಲಿ ಇಡುತ್ತವೆ. ಗಡಿಯಾರ ಮಾತ್ರ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ ಯಂತ್ರದಲ್ಲಿ ಹಾಜರಿ ಬರೆದರೆ ಏನಾಗುತ್ತದೆಂದು ನೀವೇ ಊಹಿಸಿ. ಸೆಲ್ಲಿನ ಬೆಲೆ ಅಲ್ಪ. ಹಾಳಾಗುವ ಮುನ್ನ ಬದಲಿಸಿಬಿಡಬೇಕು.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಬ್ಯಾಂಕಿನಲ್ಲಿ ಲೆಡ್ಜರಿನ ಒಂದು ಅಂಕಿ ತಿದ್ದಬೇಕಾದರೆ ಹಳೆಯದು ಕಾಣುವಂತೆ ಗೆರೆ ಎಳೆದು, ಹೊಸದು ಬರೆದು, ಅಧಿಕಾರಿಯ ಕಿರುಸಹಿ ಪಡೆಯಬೇಕಿತ್ತು. ಸೆಟಪ್ ಪಟ್ಟಿ ಹಾಗಲ್ಲ. ಉಂಟು ಇದ್ದದ್ದನ್ನು ಇಲ್ಲ ಮಾಡಿ ಉಳಿಸಿದರೆ, ಹಿಂದೆ ಏನಿತ್ತೆಂದು ಆ ಪುಟ ಹೇಳುವುದಿಲ್ಲ. ಆ ಲೆಡ್ಜರನ್ನು ನಾವೇ ಇಡಬೇಕು.

ಅದಕ್ಕೆ ಒಂದು ನೋಟುಪುಸ್ತಕ ಸಾಕು. ಯಂತ್ರ ಸರಿಯಾಗಿ ನಡೆಯುತ್ತಿರುವ ದಿನವೇ ಪ್ರೊಸೆಸರ್ ಪುಟವನ್ನು ತೆರೆದು, ಒಂದೊಂದು ಸಾಲನ್ನೂ ಬರೆದುಕೊಳ್ಳಿ. ಮೊಬೈಲಿನಲ್ಲಿ ಫೋಟೋ ಹಿಡಿದರೂ ಆದೀತು, ಆದರೆ ಕಾಗದದಲ್ಲೂ ಇರಲಿ. ನೋಡಿದ ಮೇಲೆ ಏನನ್ನೂ ಉಳಿಸದೆ ಹೊರಬನ್ನಿ. ಬದಲಾವಣೆ ಮಾಡಲೇಬೇಕಾದರೆ ಒಂದು ಸಲಕ್ಕೆ ಒಂದೇ ಸಾಲು. ದಿನಾಂಕ, ಹಳೆಯದು, ಹೊಸದು, ಕಾರಣ, ಮಾಡಿದವರ ಸಹಿ ಇರಲಿ. ಬದಲಾವಣೆಗೆ ಮೊದಲು ಸಂಬಳದ ಪಟ್ಟಿ ತಯಾರಾಗಲು ಎಷ್ಟು ನಿಮಿಷ ಹಿಡಿಯಿತು, ಆಮೇಲೆ ಎಷ್ಟು ಹಿಡಿಯಿತು ಎಂದೂ ಬರೆಯಿರಿ. ಲಾಭ ಕಾಣದಿದ್ದರೆ ಹಿಂದಿನದಕ್ಕೇ ಮರಳಿ. ಸೆಟಪ್ಪಿಗೆ ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನು ಅರಗು ಮುದ್ರೆಯ ಲಕೋಟೆಯಲ್ಲಿ ಇನ್ನೊಬ್ಬರ ವಶದಲ್ಲಿಡಿ. ಸ್ಟ್ರಾಂಗ್ ರೂಮಿನ ಎರಡನೆಯ ಕೀಲಿಕೈಯನ್ನು ಬ್ಯಾಂಕಿನವರು ಬೇರೆ ಶಾಖೆಯಲ್ಲಿ ಇಡುತ್ತಿದ್ದುದು ಇದೇ ಕಾರಣಕ್ಕೆ.

ಮಳೆಯ ರಾತ್ರಿ ಯಂತ್ರ ಏಳದಿದ್ದಾಗ, ಫೋನಿನ ಆಚೆ ಇರುವ ಎಂಜಿನಿಯರ್ ಮೊದಲು ಕೇಳುವ ಪ್ರಶ್ನೆ, ಸೆಟಪ್ಪಿನಲ್ಲಿ ಏನಿತ್ತು ಎಂಬುದು. ನೋಟುಪುಸ್ತಕ ತೆರೆದು ಸಾಲು ಸಾಲಾಗಿ ಓದಿ ಹೇಳಬಲ್ಲವರಿದ್ದರೆ, ಎಷ್ಟೋ ಸಲ ಅವರು 40 ತಿರುವು ಹತ್ತಿ ಬರಬೇಕಾಗುವುದಿಲ್ಲ. ಸಂಬಳವೂ ಗೊತ್ತಾದ ದಿನ ಕೈಸೇರುತ್ತದೆ. ನಿಮ್ಮ ಕಛೇರಿಯಲ್ಲಿ ಸರ್ವರ್ ಇದ್ದರೆ, ಇಂಥದೊಂದು ಪುಸ್ತಕ ಇದೆಯೇ ಎಂದು ನಾಳೆಯೇ ವಿಚಾರಿಸಿ ನೋಡಿ.