ಒಂದು ಫೋಟೋ ಹಿಡಿದು ಹುಡುಕಿದ ದೇಗುಲ

ಚೀನಾದ ಹಳೇ ದೇಗುಲ ಅಂತ ಫೋನಲ್ಲಿ ಹುಡುಕಿ ನೋಡಿ. ಕೆಂಪು ಕಂಬ, ತುದಿ ಬಾಗಿದ ಸೂರು, ಹಿಂದೆ ಒಂದಿಷ್ಟು ಮಂಜು. ಚೆಂದವೇ. ಆದ್ರೆ ನಾನಿವತ್ತು ಹೇಳೋದು ಚೆಂದಕ್ಕಲ್ಲ, ಸಾಕ್ಷಿಗಾಗಿ ತೆಗೆದ ಫೋಟೋಗಳ ಕತೆ.

1930ರ ದಶಕ. ಟ್ಯಾಂಗ್ ರಾಜವಂಶದ ಕಾಲದ, ಅಂದ್ರೆ 618ರಿಂದ 907ರ ನಡುವಿನ ಮರದ ಕಟ್ಟಡ ಚೀನಾದಲ್ಲಿ ಒಂದೂ ಉಳಿದಿಲ್ಲ, ಅಂಥದ್ದು ನೋಡೋಕೆ ಜಪಾನಿನ ನಾರಾಕ್ಕೇ ಬರಬೇಕು ಅಂತ ಜಪಾನಿ ವಿದ್ವಾಂಸರು ಹೇಳ್ತಿದ್ರು. ಲಿಯಾಂಗ್ ಸಿಚೆಂಗ್ ಮತ್ತು ಅವರ ಪತ್ನಿ ಲಿನ್ ಹುಯಿಯಿನ್ ಇದನ್ನ ಒಪ್ಪಲಿಲ್ಲ.

ಅವರಿಗೆ ದಾರಿ ತೋರಿಸಿದ್ದೂ ಫೋಟೋನೇ. ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ ಅವರ ತಂಡ 1908ರಲ್ಲಿ ಡುನ್‌ಹುವಾಂಗ್ ಗುಹೆಗಳ ಚಿತ್ರ ತೆಗೆದಿತ್ತು. ಅಲ್ಲಿನ ಒಂದು ಭಿತ್ತಿಚಿತ್ರದಲ್ಲಿ ವುತಾಯ್ ಪರ್ವತ, ಅದರ ದೇಗುಲಗಳು, ಪಕ್ಕದಲ್ಲೇ ಹೆಸರುಗಳು. ಅದರಲ್ಲೊಂದು ಫೊಗುವಾಂಗ್. 1937ರ ಜೂನ್‌ನಲ್ಲಿ ಹೇಸರಗತ್ತೆ ಹತ್ತಿ ಅಲ್ಲಿಗೆ ಹೋದ್ರು. ದೇಗುಲ ಇನ್ನೂ ನಿಂತಿತ್ತು!

ಹಳೇದು ಅಂತ ನೋಡಿದ ಕೂಡ್ಲೇ ಗೊತ್ತಾಗಿದ್ದು ಹೇಗೆ? ಸೂರಿನ ಕೆಳಗೆ ನೋಡಿ. ಕಂಬದ ತಲೆ ಮೇಲೆ ಮರದ ತುಂಡುಗಳನ್ನ ಒಂದಕ್ಕೊಂದು ಅಡ್ಡ ಜೋಡಿಸಿರ್ತಾರೆ. ಇದೇ ದೌಗೋಂಗ್. ಭಾರೀ ಛಾವಣಿಯನ್ನ ಹೊರಗೆ ಚಾಚಿ ಹೊರೋದು ಇದೇ. ಮುಂದಿನ ಶತಮಾನಗಳಲ್ಲಿ ಇದು ಚಿಕ್ಕದಾಗ್ತಾ, ಬರೀ ಅಲಂಕಾರವಾಗ್ತಾ ಹೋಯ್ತು. ಫೊಗುವಾಂಗ್‌ನಲ್ಲಿ ಮಾತ್ರ ಅದು ಕಂಬದ ಅರ್ಧದಷ್ಟು ಎತ್ತರ ಇದೆ.

ಅವರು ಅಟ್ಟಕ್ಕೆ ಹತ್ತಿದ್ರು. ಪೂರ್ತಿ ಕತ್ತಲು, ದಪ್ಪ ಧೂಳು, ಬಾವಲಿಗಳು, ತಿಗಣೆಗಳು. ಮೂಗು ಬಾಯಿ ಮುಚ್ಕೊಂಡು, ಫ್ಲ್ಯಾಶ್ ಹಾಕಿ ಫೋಟೋ ತೆಗೆದ್ರು. ಆಮೇಲೆ ತೊಲೆಯ ಮೇಲೆ ಮಾಸಿದ ಶಾಯಿಯ ಅಕ್ಷರ ಲಿನ್ ಕಣ್ಣಿಗೆ ಬಿತ್ತು. ಅದು ನಿಂಗ್ ಗೊಂಗ್ಯು ಅನ್ನೋ ದಾನಿ ಹೆಂಗಸಿನ ಹೆಸರು. ಅಂಗಳದ ಕಲ್ಲಿನ ಕಂಬದಲ್ಲೂ ಅದೇ ಹೆಸರು, ಜೊತೆಗೆ ವರ್ಷ: 857. ವಾದ ಅಲ್ಲಿಗೆ ಮುಗೀತು.

ಸಂತೋಷ ಹೆಚ್ಚು ದಿನ ಇರಲಿಲ್ಲ. ಜುಲೈ 7ಕ್ಕೆ ಜಪಾನ್ ಜೊತೆ ಯುದ್ಧ ಶುರುವಾಯ್ತು. ಇವರ ಸಂಶೋಧನಾ ಸಂಸ್ಥೆಯ ನೆಗೆಟಿವ್‌ಗಳನ್ನ ಟಿಯಾನ್‌ಜಿನ್‌ನ ಬ್ಯಾಂಕೊಂದರಲ್ಲಿ ಭದ್ರವಾಗಿಟ್ರು. 1939ರ ಪ್ರವಾಹದಲ್ಲಿ ಅಲ್ಲಿಗೂ ನೀರು ನುಗ್ಗಿತು. ಉಳಿದ ಫೋಟೋ, ನಕ್ಷೆಗಳನ್ನ ಸೇರಿಸಿದ ಲಿಯಾಂಗ್ ಅವರ ಇಂಗ್ಲಿಷ್ ಪುಸ್ತಕ ಹೊರಬಂದಿದ್ದು 1984ರಲ್ಲಿ. ಅವರು ತೀರಿಹೋಗಿ ಆಗಲೇ 12 ವರ್ಷ.

ನನಗೆ ತುಂಬಾ ಇಷ್ಟವಾದ ಫೋಟೋ ಒಂದಿದೆ. ದೇಗುಲದೊಳಗೆ ನಿಂಗ್ ಗೊಂಗ್ಯು ಮೂರ್ತಿ, ಪಕ್ಕದಲ್ಲಿ ಲಿನ್ ನಿಂತಿದ್ದಾರೆ. ಕಟ್ಟಿಸಿದವಳು, ಗುರುತಿಸಿದವಳು, ನಡುವೆ ಸಾವಿರಕ್ಕೂ ಹೆಚ್ಚು ವರ್ಷ.

ಮುಂದಿನ ಸಲ ಯಾವ ಹಳೇ ಕಟ್ಟಡಕ್ಕೆ ಹೋದ್ರೂ, ಎದುರು ನಿಂತು ಒಂದು ಫೋಟೋ ತೆಗೀರಿ, ಸರಿ. ಆಮೇಲೆ ಸೂರಿನ ಕೆಳಗೆ ಹೋಗಿ, ತಲೆ ಎತ್ತಿ ಇನ್ನೊಂದು ತೆಗೀರಿ. ಲೈಕ್ ಕಡಿಮೆ ಬರಬಹುದು. ಕಟ್ಟಡದ ವಯಸ್ಸು ಹೇಳೋದು ಮಾತ್ರ ಆ ಎರಡನೇ ಫೋಟೋನೇ.