ಹೂವು ಹಲವು, ನಾರು ಒಂದು

(ಮಾತೆ ಮರಿಯಮ್ಮನವರ ಜನನೋತ್ಸವದಂದು ನೀಡಿದ ಪ್ರಬೋಧನೆ)



ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಮ್ಮನವರಿಗೆ ಅರ್ಪಿಸಿದ್ದಾರೆ. ಇಂದು, ಸೆಪ್ಟೆಂಬರ್ 8ರಂದು, ಹೂವಿನ ಜೊತೆಗೆ ಹೊಸ ಭತ್ತದ ತೆನೆಯೂ ಪೀಠದ ಮುಂದೆ ಬಂದಿದೆ. ಆದರೆ ಇಂದಿನ ಶುಭಸಂದೇಶವನ್ನು ಕೇಳುವಾಗ ನಿಮ್ಮಲ್ಲಿ ಕೆಲವರಿಗೆ ಆಕಳಿಕೆ ಬಂದಿರಬಹುದು. ಸಂತ ಮತ್ತಾಯನು ಅಬ್ರಹಾಮನಿಂದ ಹಿಡಿದು ಯೇಸುಸ್ವಾಮಿಯವರೆಗೆ ಹೆಸರಿನ ಮೇಲೆ ಹೆಸರು ಹೇಳುತ್ತಾ ಹೋಗುತ್ತಾನೆ. ಹದಿನಾಲ್ಕರಂತೆ ಮೂರು ಸಲ ತಲೆಮಾರುಗಳನ್ನು ಎಣಿಸುತ್ತಾನೆ. ಹಬ್ಬದ ದಿನ ಇಷ್ಟುದ್ದದ ವಂಶಾವಳಿ ಏಕೆ? ಇದಕ್ಕೆ ಉತ್ತರ ಹುಡುಕಲು ನಿಮ್ಮನ್ನು ಒಂದು ಹೂವಿನ ಊರಿಗೆ ಕರೆದೊಯ್ಯುತ್ತೇನೆ.

ಉಡುಪಿ ಜಿಲ್ಲೆಯ ಶಂಕರಪುರದ ಹೆಸರು ನೀವೆಲ್ಲ ಕೇಳಿದ್ದೀರಿ. ಅಲ್ಲಿನ ಮಲ್ಲಿಗೆ 'ಉಡುಪಿ ಮಲ್ಲಿಗೆ' ಎಂದು ಜಿ.ಐ. ಮಾನ್ಯತೆ ಪಡೆದಿದೆ. ದೊಡ್ಡ ತೋಟಗಳು ಅಲ್ಲಿ ಕಡಿಮೆ. ಮನೆಯ ಸುತ್ತಲಿನ ಕೆಲವು ಸೆಂಟ್ಸ್ ಜಾಗವೇ ತೋಟ. ಬೆಳಗಿನ ಜಾವ, ಮೊಗ್ಗು ಅರಳುವ ಮೊದಲೇ ಕೊಯ್ಯಬೇಕು. ಮನೆಮಂದಿ ಕುಳಿತು ಬಾಳೆಯ ನಾರಿನಲ್ಲಿ ಕಟ್ಟಬೇಕು. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಮೊಗ್ಗು! ಅಟ್ಟೆಗೆ ಇಂದು ಒಂದು ದರ, ನಾಳೆ ಇನ್ನೊಂದು. ಮಳೆಗಾಲದಲ್ಲಿ ದರ ಇರುತ್ತದೆ, ಹೂ ಇರುವುದಿಲ್ಲ. ಬೇಸಿಗೆಯಲ್ಲಿ ಹೂ ಇರುತ್ತದೆ, ದರ ಇರುವುದಿಲ್ಲ. ಈ ಅನಿಶ್ಚಿತತೆಯ ನಡುವೆಯೇ ಎಷ್ಟೋ ತಾಯಂದಿರು ಮಕ್ಕಳನ್ನು ಓದಿಸಿದ್ದಾರೆ. ಒಂದೇ ಅಂಗಳದ ಮಲ್ಲಿಗೆ ನಮ್ಮ ಮದುಮಗಳ ಮುಡಿಗೂ ಹೋಗುತ್ತದೆ, ನೆರೆಯವರ ದೇವಸ್ಥಾನಕ್ಕೂ ಹೋಗುತ್ತದೆ.

ಕೈ ಹೂ ಕಟ್ಟುವಾಗ ಬಾಯಿ ಸುಮ್ಮನಿರುವುದಿಲ್ಲ. ಇಂಥ ಜಗಲಿಗಳಲ್ಲಿ ಜಪಮಾಲೆ ನಡೆದಿದೆ, ಕತೆಗಳೂ ನಡೆದಿವೆ. ಮೊದಲ ಗಿಡದ ಗೆಲ್ಲನ್ನು ಯಾರು ಕೊಟ್ಟರು, ಯಾವ ವರ್ಷ ಬಾವಿ ಬತ್ತಿತು, 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ನಮ್ಮ ಹಿರಿಯರು ಏನೆಲ್ಲ ಅನುಭವಿಸಿದರು – ಇವನ್ನೆಲ್ಲ ಮಕ್ಕಳು ಕಲಿತದ್ದು ಪುಸ್ತಕದಿಂದಲ್ಲ, ಅಜ್ಜಿಯ ಬಾಯಿಂದ.

ಆ ಕಡೆಯ ಒಬ್ಬ ಹಿರಿಯ ತಾಯಿಯ ಮಾತನ್ನು, ಅವರ ಅನುಮತಿ ಪಡೆದೇ, ನಿಮಗೆ ಹೇಳುತ್ತಿದ್ದೇನೆ. ಅವರ ಮಗ ಪರದೇಶದಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಮಲ್ಲಿಗೆ ಗಿಡಗಳನ್ನು ಕಿತ್ತು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಬೇಕೆಂದು ಹಟ ಹಿಡಿದಿದ್ದ. "ಈ ವಯಸ್ಸಿನಲ್ಲಿ ನಿನಗೆ ಈ ಕಷ್ಟ ಯಾಕಮ್ಮ?" ಎಂಬುದು ಅವನ ಮಾತು. ಅದರಲ್ಲಿ ಪ್ರೀತಿಯೇ ಇತ್ತು. ಆದರೆ ತನ್ನ ಶಾಲೆಯ ಫೀಸು ಕಟ್ಟಿದ್ದು ಆ ಗಿಡಗಳೇ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮುಂಬಯಿಯಲ್ಲಿದ್ದ ತಂದೆ ಹಣ ಕಳುಹಿಸುತ್ತಿದ್ದರೆಂದೇ ಅವನು ನಂಬಿದ್ದ. ತಂದೆಯ ಸಂಪಾದನೆ ಕುಡಿತಕ್ಕೇ ಮುಗಿಯುತ್ತಿತ್ತು.

"ಮಗನಿಗೆ ಇದನ್ನು ಹೇಳಲಿಲ್ಲವೇ ಅಮ್ಮ?" ಎಂದು ಕೇಳಿದೆ.

"ಹೇಗೆ ಹೇಳಲಿ ಫಾದರ್? ಸತ್ತವರ ಮರ್ಯಾದೆ ಹೋಗುತ್ತದಲ್ಲ" ಎಂದರು.

ಪ್ರಿಯರೇ, ಸಂತ ಮತ್ತಾಯನ ಪಟ್ಟಿಯನ್ನು ಈಗ ಮತ್ತೊಮ್ಮೆ ನೋಡೋಣ. ಅಲ್ಲಿ ದಾವೀದ ಅರಸನಿದ್ದಾನೆ. ಜೊತೆಗೆ, ಅವನು ಅನ್ಯಾಯವಾಗಿ ತನ್ನದಾಗಿಸಿಕೊಂಡ ಊರೀಯನ ಹೆಂಡತಿಯೂ ಇದ್ದಾಳೆ. ಮಾವನ ಮನೆಯವರು ಕೈಬಿಟ್ಟ ತಾಮಾರಳಿದ್ದಾಳೆ. ಊರವರು ಬೆರಳು ತೋರಿಸುತ್ತಿದ್ದ ರಾಹಾಬಳಿದ್ದಾಳೆ. ಪರರ ಹೊಲದಲ್ಲಿ ಬಿದ್ದ ತೆನೆ ಆಯ್ದು ಅತ್ತೆಯನ್ನು ಸಾಕಿದ ಪರದೇಶದ ವಿಧವೆ ರೂತಳಿದ್ದಾಳೆ. ಯೇಸುವಿನ ವಂಶದ ಕತೆ ಹೇಳುವಾಗ ಇವರನ್ನು ಬಿಟ್ಟುಬಿಡುವುದು ಸುಲಭವಾಗಿತ್ತು. ಸುವಾರ್ತಿಕನು ಬಿಡಲಿಲ್ಲ. ಬಾಡಿದ ಹೂವನ್ನೂ ನಾರಿನಿಂದ ಕಳಚದೆ ಉಳಿಸಿಕೊಂಡ. ಏಕೆಂದರೆ ಈ ಮಾಲೆಯನ್ನು ಹಿಡಿದಿಟ್ಟದ್ದು ಮನುಷ್ಯರ ಮರ್ಯಾದೆಯಲ್ಲ, ದೇವರ ನಂಬಿಗಸ್ತಿಕೆ. ಆ ನಾರು ಎಲ್ಲಿಯೂ ತುಂಡಾಗದೆ ಬಂದದ್ದರಿಂದಲೇ ಮರಿಯಮ್ಮ, ಮರಿಯಮ್ಮನಿಂದ ನಮ್ಮ ಪ್ರಭು.

ಇನ್ನೊಂದು ವಿಷಯ ಗಮನಿಸಿ. ಮರಿಯಮ್ಮನವರ ಜನನದ ಕತೆ ಪವಿತ್ರ ಬೈಬಲಿನಲ್ಲಿಲ್ಲ. ಅವರ ತಂದೆತಾಯಿ ಜೋಕಿಂ ಮತ್ತು ಅನ್ನಮ್ಮ ಎಂಬ ಹೆಸರುಗಳೂ ಅಲ್ಲಿಲ್ಲ. ಆದಿ ಕ್ರೈಸ್ತರು ಒಬ್ಬರಿಗೊಬ್ಬರು ಹೇಳಿಕೊಂಡು ಬಂದ ಪರಂಪರೆಯಿಂದ ಅವು ನಮಗೆ ದೊರೆತಿವೆ. ಹೇಳುವವರು ಹೇಳಿದರು, ಕೇಳುವವರು ಕೇಳಿದರು. ಹೀಗಾಗಿ ನಮಗೆ ಈ ಹಬ್ಬ ಉಳಿಯಿತು.

ಆ ತಾಯಿ ಕಳೆದ ವರ್ಷ ಹೊಸ ಅಕ್ಕಿ ಊಟಕ್ಕೆ ಮಗ, ಸೊಸೆ, ಮೊಮ್ಮಕ್ಕಳೆಲ್ಲ ಕೂಡಿದ್ದಾಗ ಬಾಯಿ ಬಿಟ್ಟರಂತೆ. ಗಂಡನನ್ನು ದೂರದೆ, ನಡೆದದ್ದನ್ನು ನಡೆದಂತೆಯೇ ಹೇಳಿದರಂತೆ. ಕೊನೆಯ ದಿನಗಳಲ್ಲಿ ಆತ ಕುಡಿತ ಬಿಟ್ಟು ಗಿಡಗಳಿಗೆ ನೀರು ಹೊಯ್ಯುತ್ತಿದ್ದುದನ್ನೂ ಹೇಳಿದರಂತೆ. ಮಗ ಬಹಳ ಹೊತ್ತು ಮಾತನಾಡಲಿಲ್ಲ. ಈಗ ಅರ್ಧ ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ಇನ್ನರ್ಧದಲ್ಲಿ ಮಲ್ಲಿಗೆ ಇದೆ. ರಜೆಯಲ್ಲಿ ಬರುವ ಮೊಮ್ಮಗಳು ನಾರು ಹಿಡಿಯಲು ಕಲಿಯುತ್ತಿದ್ದಾಳೆ.

ಇಂದು ನಿಮ್ಮ ಮನೆಗಳಲ್ಲೂ ಹೊಸ ಅಕ್ಕಿ ಊಟವಿದೆ. ನನ್ನದೊಂದು ಬೇಡಿಕೆ. ಊಟ ಮುಗಿಯುವವರೆಗೆ ಟಿ.ವಿ. ಆರಿಸಿ, ಮೊಬೈಲುಗಳನ್ನು ಒಳಗಿಡಿ. ಹಿರಿಯರೇ, ದೇವರು ನಿಮ್ಮ ಮನೆಯನ್ನು ಕೈಹಿಡಿದು ದಾಟಿಸಿದ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳಿ. ಗೆಲುವಿನದ್ದೇ ಆಗಬೇಕಿಲ್ಲ. ಸಾಲದ್ದಾಗಲಿ, ಕಾಯಿಲೆಯದ್ದಾಗಲಿ, ನಾಚಿಕೆಯದ್ದಾಗಲಿ, ಯಾರನ್ನೂ ನೋಯಿಸದೆ ನಿಜವನ್ನೇ ಹೇಳಿ. ಮಕ್ಕಳೇ, ಒಂಬತ್ತು ದಿನ ನೀವು ಹೂ ಕೊಟ್ಟಿರಿ. ಇಂದು ಅಜ್ಜ ಅಜ್ಜಿಗೆ ನಿಮ್ಮ ಕಿವಿ ಕೊಡಿ.

ನಮ್ಮ ಕುಟುಂಬಗಳನ್ನು ದೇವರ ನಂಬಿಗಸ್ತಿಕೆಯೆಂಬ ಒಂದೇ ನಾರಿನಲ್ಲಿ ಕಟ್ಟಿಡುವಂತೆ ಮಾತೆ ಮರಿಯಮ್ಮ ತಮ್ಮ ಪುತ್ರರಲ್ಲಿ ನಮಗಾಗಿ ಬೇಡಲಿ. ನಿಮ್ಮೆಲ್ಲರಿಗೂ ಹಬ್ಬದ ಶುಭಾಶಯಗಳು. ಆಮೆನ್.