ಗಂಡ ಹೊರಗೆ ಕುಳಿತಿರಲಿ



ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಅಲ್ ಝಾಹಿಯಾ ಎಂಬ ಹೊಸ ಹೆಸರು ಬಂದು ವರ್ಷಗಳಾದರೂ ನಾವು ಹಳೆಯದನ್ನೇ ಹಿಡಿದುಕೊಂಡಿದ್ದೇವೆ. ಮಂಗಳೂರು, ಉಡುಪಿ ಕಡೆಯ ದಾದಿಯರು ಇಲ್ಲಿ ಹಲವರಿದ್ದೀರಿ. ನನ್ನ ಮಾತು ಮುಖ್ಯವಾಗಿ ನಿಮ್ಮೊಡನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆಯಾಗಿದೆ ಎಂದರು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20ರ ಆಸುಪಾಸಿನಲ್ಲಿತ್ತು. ಹಿಂಸೆಯೇ ಇಮ್ಮಡಿಸಿತೋ, ಹೇಳುವ ಧೈರ್ಯ ಬಂದಿತೋ, ಅಂಕಿಯೊಂದೇ ತಿಳಿಸದು. ಕೇಳುವವರು ಯಾರು, ಎಲ್ಲಿ ಕೇಳಿದರು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಮುಂಬಯಿಯ ಬಾಂದ್ರಾ ಭಾಭಾ ಆಸ್ಪತ್ರೆಯ 'ದಿಲಾಸಾ' ಕೇಂದ್ರವಾಗಲಿ, ಬೆಂಗಳೂರು ಪಾಲಿಕೆಯ ಆರೋಗ್ಯ ಕೇಂದ್ರಗಳಲ್ಲಿ ನಡೆದ 'ಸೌಖ್ಯ' ಯೋಜನೆಯಾಗಲಿ ಸಿಬ್ಬಂದಿಗೆ ಕಲಿಸಹೊರಟಿದ್ದು ಇದನ್ನೇ.

ಬಂದ ಪ್ರತಿಯೊಬ್ಬಳಿಗೂ ಪ್ರಶ್ನಾವಳಿ ಓದಿ ಗುರುತು ಹಾಕುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಹೇಳಿದ ಕಾರಣಕ್ಕೆ ಹೊಂದದ ಗಾಯ, ಮರುಕಳಿಸುವ ನೋವು, ಖಿನ್ನತೆ ಕಂಡಾಗ ಕೇಳಿರಿ; ಬಸುರಿಯರ ತಪಾಸಣೆಯಲ್ಲೂ ಕೇಳಬಹುದು ಎನ್ನುತ್ತದೆ. ಆದರೆ ಏಕಾಂತದಲ್ಲಿ, ಮತ್ತು ಮುಂದೇನು ಎಂದು ನಿಮಗೆ ತಿಳಿದಿರುವಾಗ ಮಾತ್ರ.

ಏಕಾಂತವೇ ಇಲ್ಲಿ ಕಷ್ಟ. ಅವಳಿಗೆ ಇಂಗ್ಲಿಷ್ ಬಾರದು, ಗಂಡನೇ ದುಭಾಷಿ. ಬಹುತೇಕ ಅವಳ ವೀಸಾ ಕೂಡ ಅವನ ಪ್ರಾಯೋಜಕತ್ವದ್ದು. ತಪಾಸಣೆಗೆ ಒಬ್ಬರೇ ಒಳಗಿರಬೇಕು ಎಂಬ ನಿಯಮವನ್ನು ಎಲ್ಲ ರೋಗಿಗಳಿಗೂ ಅನ್ವಯಿಸಿ. ಆಗ ಅವನಿಗೆ ಅನುಮಾನ ಬರುವ ಸಂಭವ ಕಡಿಮೆ.

ಕನ್ನಡದಲ್ಲಿ ಮಾತನಾಡಿಸಿದ ಕೂಡಲೇ ಅವಳು ಮನಬಿಚ್ಚುತ್ತಾಳೆಂದು ಭಾವಿಸಬೇಡಿ. ರಾಜ್ಯೋತ್ಸವದಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರುವವಳು ಅವಳು. ಈ ಮಾತು ಊರಿಗೂ ಮುಟ್ಟೀತೆಂಬ ಭಯ ಅವಳಿಗೆ. ನಿಮ್ಮ ಮನೆಯವರಿಗೂ ಹೇಳುವುದಿಲ್ಲವೆಂದು ತಿಳಿಸಿ. ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಸಂದರ್ಭವಿದ್ದರೆ ಅದನ್ನು ಅವಳು ಬಾಯಿಬಿಡುವ ಮುನ್ನವೇ ಹೇಳಿಬಿಡಿ.

ಹೇಳಿದರೆ ನಂಬಿ. "ನೀನೇನು ಮಾಡಿದೆ?" ಎನ್ನಬೇಡಿ. ನಮ್ಮಂಥ ಪ್ರಗತಿಪರರಿಗೆ ಇನ್ನೊಂದು ಚಟವಿದೆ, "ಬಿಟ್ಟು ಬಾ" ಎಂದುಬಿಡುವುದು. ಬಿಟ್ಟು ಹೊರಡುವ ಗಳಿಗೆಯೇ ಅನೇಕ ವೇಳೆ ಅತ್ಯಂತ ಅಪಾಯದ್ದು. ಇಂದು ರಾತ್ರಿ ಮನೆಗೆ ಹೋಗಲು ಹೆದರಿಕೆಯೆ, ಪಾಸ್‌ಪೋರ್ಟ್ ಯಾರ ಬಳಿ ಇದೆ, ಮಕ್ಕಳು ಎಲ್ಲಿದ್ದಾರೆ ಎಂದು ಮೊದಲು ವಿಚಾರಿಸಿ. ಗಾಯದ ಜಾಗ, ಅಳತೆಯನ್ನು ಅವಳ ಮಾತುಗಳಲ್ಲೇ ಹೇಳಿದ ಕಾರಣದೊಡನೆ ದಾಖಲಿಸಿ.

ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ ಈ ದೇಶ 2019ರಲ್ಲಿ ಕಾನೂನು ತಂದಿತು. ಅಬುಧಾಬಿಯಲ್ಲಿ 'ಈವಾ' ಆಶ್ರಯ ಕೇಂದ್ರವಿದೆ, ದುಬೈಯಲ್ಲಿ ಮಹಿಳೆಯರ ಮತ್ತು ಮಕ್ಕಳ ಪ್ರತಿಷ್ಠಾನವಿದೆ. ಅವುಗಳ ಸಂಖ್ಯೆ ಬರೆದ ಚೀಟಿಯನ್ನು ಅವಳ ಪರ್ಸಿಗೆ ತುರುಕಬೇಡಿ. ಫೋನಿನಲ್ಲಿ ದರ್ಜಿಯ ಹೆಸರಿನಲ್ಲಿ ಉಳಿಸಿಕೊಳ್ಳಬಹುದು; ಆ ಫೋನನ್ನು ಅವನು ತೆರೆದು ನೋಡುತ್ತಾನೆಯೇ ಎಂದು ಮೊದಲು ಕೇಳಿಕೊಳ್ಳಿ.